ವರ್ಷಗಟ್ಟಲೆ ನಡೆದ ಆನ್‌ಲೈನ್ ಟೇಬಲ್‌ಟಾಪ್ ಕ್ಯಾಂಪೇನ್‌ ಅನ್ನು ಸಂಭ್ರಮಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟದಲ್ಲಿ ಪ್ರತಿ ಆಟಗಾರ ಒಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುತ್ತಾರೆ. ಹಲವು ಸೆಷನ್‌ಗಳಲ್ಲಿ, ಅಂದರೆ ಹಲವು ಬಾರಿ ಕೂತು, ಮುಂದುವರಿಸುವ ಒಂದೇ ಕಥೆಗೆ ಕ್ಯಾಂಪೇನ್ ಅನ್ನುತ್ತಾರೆ. ವರ್ಷಗಟ್ಟಲೆ ಆಡಿದ ಆನ್‌ಲೈನ್ ಕ್ಯಾಂಪೇನ್ ಹೆಚ್ಚಾಗಿ ಸದ್ದಿಲ್ಲದೆ ಮುಗಿದುಹೋಗುತ್ತದೆ. ಒಬ್ಬರ ಕೆಲಸದ ಸಮಯ ಬದಲಾಗುತ್ತದೆ. ಇನ್ನೊಬ್ಬರ ಮನೆಗೆ ಮಗು ಬರುತ್ತದೆ. ಮತ್ತೊಬ್ಬರು ಬೇರೆ ಟೈಮ್ ಝೋನ್‌ಗೆ ಹೋಗುತ್ತಾರೆ. "ಮುಂದಿನ ವಾರ ನೋಡೋಣ" ಅಂತ ಒಂದು ಮೆಸೇಜ್ ಬರುತ್ತದೆ, ಆ ಮುಂದಿನ ವಾರ ಬರುವುದೇ ಇಲ್ಲ. ಚೆನ್ನಾಗಿ ದಡ ಸೇರಿದ ಕ್ಯಾಂಪೇನ್‌ಗೂ ಇದಕ್ಕಿಂತ ಜಾಸ್ತಿ ಏನೂ ಸಿಗುವುದಿಲ್ಲ. ಕೊನೆಯ ಶತ್ರು ಬಿದ್ದ ಮೇಲೆ "ಎಲ್ಲರಿಗೂ ಥ್ಯಾಂಕ್ಸ್" ಅನ್ನುವ ಸಾಲು, ಅದರ ಕೆಳಗೆ ನಾಲ್ಕು ಎಮೋಜಿ, ಅಷ್ಟೇ.

ನನಗೆ ಇದು ತುಂಬಾ ಕಡಿಮೆ ಅನ್ನಿಸುತ್ತದೆ. ಐದಾರು ಜನ, ಎಷ್ಟೋ ಸಲ ಒಬ್ಬರನ್ನೊಬ್ಬರು ಎದುರಾಬದುರಾ ಕಾಣದವರು, ಬರೀ ದನಿ ಮತ್ತು ಅಕ್ಷರಗಳಿಂದ ಒಂದು ಲೋಕ ಕಟ್ಟಿ ವರ್ಷಗಳ ಕಾಲ ಕಾಪಾಡಿಕೊಂಡು ಬಂದಿದ್ದಾರೆ. ಯಾರೂ ಸಂಬಳ ಕೊಟ್ಟಿಲ್ಲ, ಯಾರೂ ಬಲವಂತ ಮಾಡಿಲ್ಲ. ಇಂಥದ್ದಕ್ಕೆ ಸರಿಯಾದ ಒಂದು ಗೌರವ ಸಲ್ಲಬೇಕು ಅಲ್ವಾ?

ನೀವು ಗೇಮ್ ಮಾಸ್ಟರ್ (ಕಥೆ ನಡೆಸುತ್ತಾ ಉಳಿದ ಪಾತ್ರಗಳನ್ನೆಲ್ಲ ಆಡುವವರು) ಆಗಿರಬಹುದು, ಆಟಗಾರರಾಗಿರಬಹುದು, ಹಲವು ಟೇಬಲ್‌ಗಳಿರುವ (ಅಂದರೆ ಒಟ್ಟಿಗೆ ಆಡುವ ತಂಡಗಳಿರುವ) ದೊಡ್ಡ ಗುಂಪನ್ನು ನೋಡಿಕೊಳ್ಳುವವರೂ ಆಗಿರಬಹುದು. ಮೂವರಿಗೂ ಇಲ್ಲಿ ಕೆಲಸವಿದೆ. ಶುರು ಮಾಡುವ ಮೊದಲು ನಾನು ನಂಬಿರುವ ಒಂದು ಮಾತು ಹೇಳಿಬಿಡುತ್ತೇನೆ. "ಅದ್ಭುತವಾದ ಕ್ಯಾಂಪೇನ್" ಅಂತ ಯಾರು ಬೇಕಾದರೂ ಹೇಳಬಹುದು. "ಆ ಸೇತುವೆ ಮೇಲೆ ನೀನು ಕತ್ತಿ ಕೆಳಗಿಟ್ಟೆಯಲ್ಲ, ಇಡೀ ಕಥೆ ಅಲ್ಲಿಂದಲೇ ಬೇರೆ ದಾರಿ ಹಿಡಿಯಿತು" ಅಂತ ಹೇಳಲು ಆ ಆಟವನ್ನು ನಿಜವಾಗಿ ಗಮನಿಸಿರಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಇಂಥ ಒಂದು ವಾಕ್ಯ ಹೇಳುವ ಹಂತಕ್ಕೆ ನಿಮ್ಮನ್ನು ತಲುಪಿಸಲು ಇವೆ.

ಯಾವಾಗ ಮಾಡಬೇಕು?

ಕೊನೆಯವರೆಗೆ ಕಾಯಬೇಡಿ. ಕ್ಯಾಂಪೇನ್ ಮುಗಿಯುವ ಹೊತ್ತಿಗೆ ಅರ್ಧ ನೆನಪು ಹೋಗಿರುತ್ತದೆ, ಒಬ್ಬಿಬ್ಬರು ಆಟಗಾರರೂ ಹೋಗಿರುತ್ತಾರೆ. ಒಂದು ದೊಡ್ಡ ಅಧ್ಯಾಯ ಮುಗಿದಾಗ, ಪ್ರತಿ ವರ್ಷ ತುಂಬಿದಾಗ, ಹಳೆಯ ಪಾತ್ರವೊಂದು ಕಥೆಯಿಂದ ಆಚೆ ಹೋದಾಗ, ಗೇಮ್ ಮಾಸ್ಟರ್ ಬದಲಾದಾಗ ಒಂದು ಸಣ್ಣ ಸಂಭ್ರಮ ಮಾಡಬಹುದು. ದೊಡ್ಡದನ್ನು ಕೊನೆಗೆ ಇಟ್ಟುಕೊಳ್ಳಿ. ಅರ್ಧಕ್ಕೇ ನಿಂತುಹೋದ ಕ್ಯಾಂಪೇನ್‌ಗೂ ಸಂಭ್ರಮ ಮಾಡಬಹುದು. ಮೂರು ವರ್ಷ ಚೆನ್ನಾಗಿ ಆಡಿ ನಿಂತಿದ್ದರೆ ಆ ಮೂರು ವರ್ಷ ಎಲ್ಲಿಗೂ ಹೋಗುವುದಿಲ್ಲ.

ಮೊದಲ ಹೆಜ್ಜೆ: ಏನನ್ನು ಗೌರವಿಸುತ್ತಿದ್ದೀರಿ ಎಂದು ನಿರ್ಧರಿಸಿ

ಮೊದಲು ಕಣ್ಣಿಗೆ ಬೀಳುವುದು ಉದ್ದ. ಎಷ್ಟು ವರ್ಷ, ಎಷ್ಟು ಸೆಷನ್. ಉದ್ದಕ್ಕೆ ಬೆಲೆ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆನಡಾದ ಇತಿಹಾಸ ಪ್ರಾಧ್ಯಾಪಕ ರಾಬರ್ಟ್ ವಾರ್ಡ್‌ಹಾ 1982ರಲ್ಲಿ ಶುರು ಮಾಡಿದ ಒಂದೇ ಕ್ಯಾಂಪೇನ್ ನಾಲ್ಕು ದಶಕ ದಾಟಿ ನಡೆದಿದೆ. ಅದನ್ನು ಕೇಳಿದರೆ ಯಾರಿಗಾದರೂ ಬೆರಗಾಗುತ್ತದೆ. ಆದರೆ ಉದ್ದ ಒಂದು ಸುಳಿವು ಮಾತ್ರ. ಇಷ್ಟು ಜನ ಇಷ್ಟು ಕಾಲ ಮರಳಿ ಮರಳಿ ಬಂದಿದ್ದಾರೆ ಅಂದರೆ ಒಳಗೆ ಏನೋ ಇದೆ. ಅದೇನು ಅಂತ ಹುಡುಕಿ.

ನಾನು ನೋಡುವ ಮೊದಲ ಗುರುತು, ಹಳೆಯ ನಿರ್ಧಾರಗಳು ಹೊಸ ಕಥೆಯಲ್ಲಿ ಜೀವಂತವಾಗಿವೆಯೇ ಅನ್ನುವುದು. ಮೊದಲ ವರ್ಷ ಆಟಗಾರರು ಬಿಟ್ಟುಕೊಟ್ಟ ಕಳ್ಳನೊಬ್ಬ ಮೂರನೇ ವರ್ಷದಲ್ಲಿ ಬಂದರಿನ ಒಡೆಯನಾಗಿ ಎದುರಾದರೆ, ಆ ಲೋಕ ಆಟಗಾರರ ಮಾತನ್ನು ಕೇಳಿಸಿಕೊಂಡಿದೆ ಎಂದು ಅರ್ಥ. ಎರಡನೆಯದು, ಹೊಸಬರನ್ನು ಒಳಗೆ ಕರೆದುಕೊಂಡ ರೀತಿ. ಎರಡು ವರ್ಷ ನಡೆದ ಕಥೆಗೆ ಹೊಸ ಆಟಗಾರ ಸೇರುವುದು ಕಷ್ಟ. ಸೇರಿದವರು ತಿಂಗಳೊಳಗೆ ತಮ್ಮದೇ ಜಾಗ ಕಂಡುಕೊಂಡಿದ್ದರೆ ಅದು ಇಡೀ ಟೇಬಲ್ ಮಾಡಿದ ಕೆಲಸ. ಮೂರನೆಯದು ಜಗಳ. ದೀರ್ಘ ಕಾಲ ಆಡಿದ ಯಾವ ಗುಂಪಿನಲ್ಲೂ ಮನಸ್ತಾಪ ಬರದೇ ಇರುವುದಿಲ್ಲ. ಅದನ್ನು ಅವರು ಹೇಗೆ ದಾಟಿದರು ಅನ್ನುವುದು ಯಾವ ಡ್ರ್ಯಾಗನ್ ಕಾಳಗಕ್ಕಿಂತಲೂ ದೊಡ್ಡ ವಿಷಯ.

ಆಟದ ರೀತಿಯನ್ನೂ ಗಮನಿಸಿ. ದನಿಯಲ್ಲಿ ಒಂದು ಸಂಜೆಗೆ ಮುಗಿಯುವ ಕಾಳಗ, ಪೋಸ್ಟ್ ಹಾಕುತ್ತಾ ಆಡುವ ಪ್ಲೇ ಬೈ ಪೋಸ್ಟ್ ಆಟದಲ್ಲಿ ವಾರಗಳನ್ನೇ ತೆಗೆದುಕೊಳ್ಳುತ್ತದೆ. ಅಲ್ಲಿ ತಾಳ್ಮೆ ಮತ್ತು ಬರವಣಿಗೆಯೇ ದೊಡ್ಡ ಗುಣ. ಆಟ ವಿನ್ಯಾಸಕ ಬೆನ್ ರಾಬಿನ್ಸ್ ಜನಪ್ರಿಯಗೊಳಿಸಿದ ವೆಸ್ಟ್ ಮಾರ್ಚಸ್ ಶೈಲಿಯಲ್ಲಿ ನಿಗದಿತ ತಂಡವೂ ಇಲ್ಲ, ನಿಗದಿತ ದಿನವೂ ಇಲ್ಲ. ಆಟಗಾರರೇ ಸೇರಿ ಎಲ್ಲಿಗೆ ಹೋಗುವುದು ಅಂತ ತೀರ್ಮಾನಿಸಿ ದಿನ ಗೊತ್ತು ಮಾಡುತ್ತಾರೆ. ಅಲ್ಲಿ ಒಬ್ಬರ ಅನುಭವ ಇನ್ನೊಬ್ಬರಿಗೆ ತಲುಪಿದ ಬಗೆಯನ್ನು ನೋಡಬೇಕು. ಎಲ್ಲಕ್ಕೂ ಒಂದೇ ಅಳತೆಗೋಲು ಹಿಡಿದರೆ ಅನ್ಯಾಯವಾಗುತ್ತದೆ.

ಪ್ರಸಾರವಾಗುವ ಆಟಗಳ ಜೊತೆ ಹೋಲಿಸುವುದನ್ನು ಬಿಟ್ಟುಬಿಡಿ. ಇಂಥ ಆಟವನ್ನೇ ಅಂತರ್ಜಾಲದಲ್ಲಿ ತೋರಿಸುವ ಕಾರ್ಯಕ್ರಮ ಕ್ರಿಟಿಕಲ್ ರೋಲ್ 2015ರ ಮಾರ್ಚ್‌ನಲ್ಲಿ ಪ್ರಸಾರ ಶುರು ಮಾಡಿತು. ಮೊದಲ ಕ್ಯಾಂಪೇನ್ 115 ಕಂತು ನಡೆದು 2017ರ ಅಕ್ಟೋಬರ್‌ನಲ್ಲಿ ಮುಗಿಯಿತು. 2019ರಲ್ಲಿ ಅದರ ಆನಿಮೇಷನ್‌ಗಾಗಿ ಅಭಿಮಾನಿಗಳು ಕಿಕ್‌ಸ್ಟಾರ್ಟರ್‌ನಲ್ಲಿ 1.1 ಕೋಟಿ ಡಾಲರ್‌ಗೂ ಜಾಸ್ತಿ ಹಣ ಕೊಟ್ಟರು. ಚೆನ್ನಾಗಿದೆ, ನನಗೂ ಇಷ್ಟ. ಆದರೆ ಅಲ್ಲಿರುವವರು ವೃತ್ತಿಪರ ಕಂಠದಾನ ಕಲಾವಿದರು, ಅವರ ಹಿಂದೆ ಒಂದು ತಂಡವಿದೆ, ಎದುರಿಗೆ ಪ್ರೇಕ್ಷಕರಿದ್ದಾರೆ. ನಿಮ್ಮ ಟೇಬಲ್‌ನಲ್ಲಿ ಪ್ರೇಕ್ಷಕರೇ ಇರಲಿಲ್ಲ. ನಿಮ್ಮ ಆಟ ಒಬ್ಬರಿಗೊಬ್ಬರು ಆಡಿದ್ದು. ಅದರ ಸೊಗಸು ಬೇರೆ.

ಎರಡನೇ ಹೆಜ್ಜೆ: ದಾಖಲೆ ಉಳಿಸಿ, ಈಗಲೇ

ಇದೊಂದನ್ನು ಮಾತ್ರ ಯಾವ ಕಾರಣಕ್ಕೂ ಮುಂದಕ್ಕೆ ಹಾಕಬೇಡಿ. ಆನ್‌ಲೈನ್ ಆಟಗಳ ದಾಖಲೆ ನಾವು ಅಂದುಕೊಂಡಷ್ಟು ಗಟ್ಟಿ ಅಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ತನ್ನ ಚರ್ಚಾ ವೇದಿಕೆಯನ್ನು 2015ರಲ್ಲಿ ಮುಚ್ಚಿತು. ರೋಲ್‌ಪ್ಲೇಯಿಂಗ್ ಆಟಗಾರರ ದೊಡ್ಡ ಸಮುದಾಯವೇ ಇದ್ದ ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ನಿಂತಿತು. ಯಾಹೂ ಗ್ರೂಪ್ಸ್ 2019ರ ಕೊನೆಯಲ್ಲಿ ಹಳೆಯ ಸಂದೇಶಗಳನ್ನು ಅಳಿಸಲು ಶುರು ಮಾಡಿತು, 2020ರ ಡಿಸೆಂಬರ್‌ನಲ್ಲಿ ಪೂರ್ತಿ ಮುಚ್ಚಿತು. ಅಲ್ಲಿದ್ದ ಎಷ್ಟೋ ಆಟಗಳು ಅವುಗಳ ಜೊತೆಗೇ ಹೋದವು. ಇವತ್ತು ನೀವು ಬಳಸುವ ಜಾಗಕ್ಕೂ ಇದೇ ಗತಿ ಬರಬಾರದು ಅಂತೇನಿಲ್ಲ.

ಏನೇನು ಉಳಿಸಬೇಕು ಅಂತ ಒಂದೊಂದಾಗಿ ನೋಡೋಣ.

ಗುಂಪುಗಳು ಬರಹ ಮತ್ತು ದನಿಯಲ್ಲಿ ಮಾತಾಡುವ ಡಿಸ್ಕಾರ್ಡ್ ಆ್ಯಪ್‌ನಲ್ಲಿ ಆಡಿದ್ದರೆ ಮೊದಲು ಚಿತ್ರಗಳು ಮತ್ತು ಕಡತಗಳನ್ನು ಇಳಿಸಿಕೊಳ್ಳಿ. ಅಲ್ಲಿ ಹಾಕಿದ ಚಿತ್ರದ ಲಿಂಕನ್ನು ಹೊರಗಿನ ವಿಕಿಗೋ ಡಾಕ್ಯುಮೆಂಟ್‌ಗೋ ಅಂಟಿಸಿದ್ದರೆ ಈಗ ಅದು ಕೆಲಸ ಮಾಡುವುದಿಲ್ಲ. ಹೊರಗೆ ಬಳಸುವ ಲಿಂಕ್‌ಗಳು ಒಂದು ದಿನದಲ್ಲಿ ಅವಧಿ ಮೀರುವ ಹಾಗೆ ಅವರು ಬದಲಾಯಿಸಿದ್ದಾರೆ. ಚಾನೆಲ್‌ನ ಬರಹವನ್ನು ಹೊರತೆಗೆಯಲು ಬಾಟ್‌ಗಳಿವೆ, ಅಂದರೆ ತಾವಾಗಿಯೇ ಕೆಲಸ ಮಾಡುವ ಪ್ರೋಗ್ರಾಂಗಳು. ಸರ್ವರ್ ಮಾಲೀಕರ ಅನುಮತಿ ಪಡೆದು, ಡಿಸ್ಕಾರ್ಡ್‌ನ ನಿಯಮ ಓದಿ ಬಳಸಿ. ನಿಮ್ಮ ಸ್ವಂತ ಖಾತೆಯ ಗುಪ್ತ ಟೋಕನ್ (ಪಾಸ್‌ವರ್ಡ್‌ನಂಥ ಕೀಲಿ) ಕೇಳುವ ಸಾಧನಗಳಿಂದ ದೂರವಿರಿ.

ದನಿ ರೆಕಾರ್ಡ್ ಮಾಡುವ ಬಾಟ್ ಬಳಸಿದ್ದರೆ ಅದರ ಕಡತ ಕೆಲವೇ ದಿನ ಉಳಿಯುತ್ತದೆ. ಪ್ರತಿ ಸೆಷನ್ ಮುಗಿದ ರಾತ್ರಿಯೇ ಇಳಿಸಿಕೊಳ್ಳುವ ಅಭ್ಯಾಸ ಒಳ್ಳೆಯದು. ಎಲ್ಲ ರೆಕಾರ್ಡಿಂಗ್‌ಗಳನ್ನೂ ಬರಹಕ್ಕೆ ಇಳಿಸಲು ಹೋಗಬೇಡಿ, ಅದು ಮುಗಿಯುವ ಕೆಲಸವಲ್ಲ. ಮುಖ್ಯ ಕ್ಷಣ ಯಾವ ದಿನದ ಕಡತದಲ್ಲಿ, ಎಷ್ಟನೇ ನಿಮಿಷದಲ್ಲಿದೆ ಅಂತ ಒಂದು ಪಟ್ಟಿ ಇಟ್ಟುಕೊಂಡರೆ ಸಾಕು.

ಆಟದ ನಕ್ಷೆ, ಟೋಕನ್ (ನಕ್ಷೆಯ ಮೇಲೆ ಪಾತ್ರವನ್ನು ತೋರಿಸುವ ಪುಟ್ಟ ಚಿತ್ರ), ದಾಳದ ದಾಖಲೆ ಇರುವುದು ವರ್ಚುವಲ್ ಟೇಬಲ್‌ನಲ್ಲಿ, ಅಂದರೆ ಆಟದ ಮೇಜನ್ನು ಪರದೆ ಮೇಲೆ ತರುವ ಸಾಫ್ಟ್‌ವೇರ್‌ನಲ್ಲಿ. 2004ರಲ್ಲಿ ಬಂದ ಫ್ಯಾಂಟಸಿ ಗ್ರೌಂಡ್ಸ್, 2012ರ ರೋಲ್20, 2020ರ ಫೌಂಡ್ರಿ ಮೂರೂ ಬೇರೆ ಬೇರೆ ರೀತಿ ಕೆಲಸ ಮಾಡುತ್ತವೆ. ಫೌಂಡ್ರಿಯನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ನಡೆಸುತ್ತಿದ್ದರೆ ಇಡೀ ಲೋಕ ಒಂದು ಫೋಲ್ಡರ್‌ನಲ್ಲಿರುತ್ತದೆ. ಸರ್ವರ್ ನಿಲ್ಲಿಸಿ ಆ ಫೋಲ್ಡರನ್ನು ಹಾಗೇ ನಕಲು ಮಾಡಿ. ರೋಲ್20ರಲ್ಲಿ ಮಾಹಿತಿ ಅವರ ಸರ್ವರ್‌ನಲ್ಲಿರುತ್ತದೆ. ಅಲ್ಲಿ ಚಾಟ್ ಆರ್ಕೈವ್ ಪುಟ ತೆರೆದು ಬ್ರೌಸರ್‌ನಿಂದಲೇ ಉಳಿಸಬೇಕು, ನಕ್ಷೆಗಳ ಸ್ಕ್ರೀನ್‌ಶಾಟ್ ತೆಗೆಯಬೇಕು.

ಪಾತ್ರದ ಶಕ್ತಿ, ಸಾಮಾನು ಎಲ್ಲ ಬರೆದಿಡುವ ಕ್ಯಾರೆಕ್ಟರ್ ಶೀಟ್‌ಗಳನ್ನು ಮರೆಯಬೇಡಿ. ಕೊನೆಯ ಹಂತದ ಶೀಟ್ ಎಲ್ಲರ ಹತ್ತಿರವೂ ಇರುತ್ತದೆ, ಮೊದಲ ಹಂತದ್ದು ಯಾರ ಹತ್ತಿರವೂ ಇರುವುದಿಲ್ಲ. ಸಂಭ್ರಮದ ದಿನ ಆಟಗಾರರನ್ನು ಜಾಸ್ತಿ ಅಲುಗಾಡಿಸುವುದು ಆ ಮೊದಲ ಶೀಟೇ. ಹಳೆಯ ಇಮೇಲ್, ಫೋನ್ ಗ್ಯಾಲರಿ ಎಲ್ಲ ಹುಡುಕಿಸಿ.

ಇಷ್ಟೂ ಸೇರಿದ ಮೇಲೆ ಕಡತದ ಹೆಸರನ್ನು ದಿನಾಂಕದಿಂದ ಶುರು ಮಾಡಿ: ವರ್ಷ, ತಿಂಗಳು, ದಿನ, ಆಮೇಲೆ ವಿಷಯ. ತಾನಾಗಿಯೇ ಕಾಲಕ್ರಮದಲ್ಲಿ ಜೋಡಣೆಯಾಗುತ್ತದೆ. ಬರಹವನ್ನು ಸಾದಾ ಟೆಕ್ಸ್ಟ್ ಅಥವಾ ಪಿಡಿಎಫ್ ಆಗಿ ಇಡಿ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ ಎಂಬ ಹಳೆಯ ಬ್ಯಾಕಪ್ ನಿಯಮ ಇಲ್ಲೂ ಸರಿಹೋಗುತ್ತದೆ.

ಮೂರನೇ ಹೆಜ್ಜೆ: ಒಪ್ಪಿಗೆ ಕೇಳಿ

ಖಾಸಗಿ ಟೇಬಲ್‌ನಲ್ಲಿ ಜನ ಮನಸ್ಸು ಬಿಚ್ಚಿ ಆಡಿರುತ್ತಾರೆ. ಒಬ್ಬ ಆಟಗಾರ ತನ್ನ ಪಾತ್ರದ ಬಾಯಲ್ಲಿ ತನ್ನದೇ ದುಃಖ ಹೇಳಿಕೊಂಡಿರಬಹುದು. ಅದನ್ನು "ಎಂಥ ದೃಶ್ಯ!" ಅಂತ ಎಲ್ಲರೆದುರು ಓದಿದರೆ ಅವರಿಗೆ ನೋವಾಗಬಹುದು. ಆದ್ದರಿಂದ ಪ್ರತಿಯೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ: ಇದು ನಮ್ಮೊಳಗೆ ಮಾತ್ರ ಇರಲಾ, ಗೆಳೆಯರಿಗೆ ತೋರಿಸಬಹುದಾ, ಸಾರ್ವಜನಿಕವಾಗಿ ಹಾಕಬಹುದಾ? ನಿಜ ಹೆಸರು ಬೇಕಾ, ಪಾತ್ರದ ಹೆಸರು ಸಾಕಾ? ದನಿ ಬಳಸಬಹುದಾ? ಉತ್ತರ ಬಾರದಿದ್ದರೆ ಇಲ್ಲ ಅಂತಲೇ ತಿಳಿಯಿರಿ.

ಆಟದಲ್ಲಿ ಎಕ್ಸ್ ಕಾರ್ಡ್ (ಕಿರಿಕಿರಿಯಾದ ವಿಷಯವನ್ನು ಕಾರಣ ಹೇಳದೆ ಬಿಡಿಸಲು ತೋರಿಸುವ ಗುರುತು) ಬಳಸಿದ್ದರೆ, ಯಾವ ವಿಷಯ ಬೇಡ ಅಂತ ಶುರುವಿನಲ್ಲೇ ಮಾತಾಡಿಕೊಂಡಿದ್ದರೆ, ಅದೇ ಗಡಿ ಸಂಭ್ರಮದ ದಿನಕ್ಕೂ ಅನ್ವಯಿಸುತ್ತದೆ.

ಸಾರ್ವಜನಿಕವಾಗಿ ಹಾಕುವುದಾದರೆ ಹಕ್ಕುಸ್ವಾಮ್ಯವನ್ನೂ ನೋಡಬೇಕು. ಹಣ ಕೊಟ್ಟು ಕೊಂಡ ಸಾಹಸದ ನಕ್ಷೆ ಮತ್ತು ಬರಹವನ್ನು ನಿಮ್ಮ ಪುಸ್ತಕದಲ್ಲಿ ಮರುಮುದ್ರಿಸುವ ಹಾಗಿಲ್ಲ. ಅಂತರ್ಜಾಲದಲ್ಲಿ ಸಿಕ್ಕ ಚಿತ್ರವನ್ನು ಟೋಕನ್ ಮಾಡಿಕೊಂಡಿದ್ದರೆ ಅದು ಟೇಬಲ್‌ನೊಳಗೇ ಇರಲಿ. ಕಲಾವಿದರಿಂದ ಬರೆಸಿದ ಚಿತ್ರಕ್ಕೂ ಅವರನ್ನು ಕೇಳಿ, ಹೆಸರು ಹಾಕಿ.

ನಾಲ್ಕನೇ ಹೆಜ್ಜೆ: ನೆನಪುಗಳನ್ನು ಕೇಳಿ ಪಡೆಯಿರಿ

ಗುಂಪಿನ ಚಾನೆಲ್‌ನಲ್ಲಿ "ನಿಮ್ಮ ನೆಚ್ಚಿನ ಕ್ಷಣ ಯಾವುದು?" ಅಂತ ಕೇಳಿದರೆ ಮೊದಲು ಒಬ್ಬರು ಡ್ರ್ಯಾಗನ್ ಅನ್ನುತ್ತಾರೆ, ಉಳಿದವರೆಲ್ಲ "ಹೌದು ಹೌದು" ಅನ್ನುತ್ತಾರೆ. ಅದಕ್ಕೇ ಖಾಸಗಿಯಾಗಿ ಕೇಳಬೇಕು. ಪ್ರಶ್ನೆಗಳೂ ಕಿರಿದಾಗಿರಬೇಕು. ನನಗೆ ಒಳ್ಳೆಯ ಉತ್ತರ ತಂದುಕೊಟ್ಟ ಪ್ರಶ್ನೆಗಳು ಇವು:

ನಿಮ್ಮ ಪಾತ್ರ ಮಾಡಿದ್ದರಲ್ಲಿ ನೀವೇ ಮೊದಲೇ ಊಹಿಸಿರದ ಕೆಲಸ ಯಾವುದು?
ಬೇರೆ ಆಟಗಾರರೊಬ್ಬರು ನಿಮಗಾಗಿ ದಾರಿ ಬಿಟ್ಟುಕೊಟ್ಟ ಒಂದು ಸಂದರ್ಭ ಹೇಳಿ.
ಆಟ ಮುಗಿದ ಮೇಲೂ ನಿದ್ದೆ ಬಾರದೆ ಯೋಚಿಸಿದ ರಾತ್ರಿ ಯಾವುದು?
ಯಾವ ಸಣ್ಣ ಪಾತ್ರವನ್ನು ನೀವು ಇನ್ನೂ ನೆನೆಸಿಕೊಳ್ಳುತ್ತೀರಿ?
ಆಡದೇ ಉಳಿದ ಯಾವ ದೃಶ್ಯ ಆಡಬೇಕಿತ್ತು ಅನ್ನಿಸುತ್ತದೆ?

ಎರಡನೇ ಪ್ರಶ್ನೆಯನ್ನು ಯಾವ ಕಾರಣಕ್ಕೂ ಬಿಡಬೇಡಿ. ದೀರ್ಘ ಕ್ಯಾಂಪೇನ್‌ಗಳ ನಿಜವಾದ ಗುಟ್ಟು ಅದರ ಉತ್ತರಗಳಲ್ಲಿದೆ. ಯಾರೋ ತನ್ನ ಸರದಿ ಬಿಟ್ಟುಕೊಟ್ಟಿದ್ದು, ಯಾರೋ ಬೇಕೆಂತಲೇ ಸೋತಿದ್ದು, ಯಾರೋ ಮೌನವಾಗಿದ್ದವರನ್ನು "ನಿನಗೇನನ್ನಿಸುತ್ತೆ?" ಅಂತ ಕೇಳಿದ್ದು. ಆಯಾ ಸಂಜೆ ಇವು ಯಾರ ಕಣ್ಣಿಗೂ ಬಿದ್ದಿರುವುದಿಲ್ಲ.

ಬರೆಯಲು ಬೇಸರ ಇದ್ದವರು ವಾಯ್ಸ್ ನೋಟ್ ಕಳಿಸಲಿ. ಎರಡು ವಾರದ ಗಡುವು ಕೊಡಿ, ಒಮ್ಮೆ ನೆನಪಿಸಿ. ಗೇಮ್ ಮಾಸ್ಟರ್ ಕೂಡ ಉತ್ತರಿಸಲೇಬೇಕು. ಪರದೆಯ ಆಚೆಯಿಂದ ಅವರು ಕಂಡ ಕಥೆ ಬೇರೆಯೇ ಇರುತ್ತದೆ. ಪ್ರತಿ ಸೆಷನ್ ಕೊನೆಗೆ ಇಷ್ಟವಾದದ್ದು ಒಂದು, ಮುಂದೆ ಬೇಕಾದದ್ದು ಒಂದು ಹೇಳುವ ಸ್ಟಾರ್ಸ್ ಅಂಡ್ ವಿಶಸ್ ಪದ್ಧತಿ ನಿಮ್ಮಲ್ಲಿದ್ದರೆ ಅರ್ಧ ಕೆಲಸ ಆಗಿಹೋಗಿದೆ. ಆ ಹಳೆಯ ಟಿಪ್ಪಣಿಗಳನ್ನೇ ತೆಗೆದು ಓದಿ.

ಐದನೇ ಹೆಜ್ಜೆ: ಕಥೆಯನ್ನು ಬರೆದಿಡಿ

ಎಲ್ಲ ಸೆಷನ್‌ಗಳ ಸಾರಾಂಶ ಬರೆಯಲು ಕೂತವರು ಬಹುತೇಕ ಇಪ್ಪತ್ತನೇ ಸೆಷನ್‌ಗೆ ಸುಸ್ತಾಗಿ ಬಿಡುತ್ತಾರೆ. ಬರೆದು ಮುಗಿಸಿದರೂ ಯಾರೂ ಓದುವುದಿಲ್ಲ. ಬದಲಿಗೆ ಹತ್ತು ಹನ್ನೆರಡು ತಿರುವುಗಳನ್ನು ಆರಿಸಿ, ಒಂದೊಂದಕ್ಕೆ ಒಂದು ಪುಟ ಕೊಡಿ. ತಿರುವುಗಳ ನಡುವಿನ ದಾರಿಗೆ ಎರಡೆರಡು ಸಾಲು ಸಾಕು.

ತಿರುವು ಆರಿಸಲು ನನ್ನ ಪರೀಕ್ಷೆ ಸುಲಭ. ಆ ನಿರ್ಧಾರವನ್ನು ಕಥೆಯಿಂದ ತೆಗೆದುಹಾಕಿದರೆ ಮುಂದಿನದು ಹಾಗೇ ನಡೆಯುತ್ತಿತ್ತೇ? ನಡೆಯುತ್ತಿತ್ತು ಅಂದರೆ ಅದು ತಿರುವಲ್ಲ, ಎಷ್ಟೇ ರೋಚಕವಾಗಿರಲಿ.

ಒಂದು ಪುಟದಲ್ಲಿ ಪಾತ್ರಗಳ ಕಥೆ ಮತ್ತು ಆಟಗಾರರ ಕಥೆ ಎರಡೂ ಇರಬೇಕು. "ತಂಡ ಕೋಟೆಯನ್ನು ಗೆದ್ದಿತು" ಅಂತ ಬರೆದರೆ ಯಾವ ಕ್ಯಾಂಪೇನ್‌ಗಾದರೂ ಹೊಂದುತ್ತದೆ. ಇದನ್ನು ನೋಡಿ: "ಬಾಗಿಲು ಒಡೆಯಲು ದಾಳ ಹಾಕಿದಾಗ 2 ಬಿತ್ತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಗ ಅದುವರೆಗೂ ಸುಮ್ಮನಿದ್ದ ವೈದ್ಯೆ ಮೈಕ್ ಆನ್ ಮಾಡಿ, ನಾನು ಬಾಗಿಲು ತಟ್ಟುತ್ತೇನೆ ಅಂದಳು. ಒಳಗಿದ್ದ ಕಾವಲುಗಾರನಿಗೆ ಗೇಮ್ ಮಾಸ್ಟರ್ ಅಲ್ಲಿಯವರೆಗೆ ಹೆಸರೇ ಇಟ್ಟಿರಲಿಲ್ಲ. ಅವನೇ ಮುಂದೆ ಎರಡು ವರ್ಷ ನಮ್ಮ ಜೊತೆ ನಡೆದ." ಇದು ಉದಾಹರಣೆಗೆ ನಾನು ಕಟ್ಟಿದ್ದು. ಆದರೆ ಇಲ್ಲಿ ದಾಳ, ಮೌನ, ಮೈಕ್, ಹೆಸರಿಲ್ಲದ ಕಾವಲುಗಾರ ಎಲ್ಲ ಸೇರಿ ಆ ಸಂಜೆ ಹೇಗಿತ್ತು ಅಂತ ಗೊತ್ತಾಗುತ್ತದೆ.

ಈ ರೀತಿಯ ಬರವಣಿಗೆಗೆ ದೊಡ್ಡ ಪರಂಪರೆಯೇ ಇದೆ. ಜಪಾನಿನಲ್ಲಿ ಆಟದ ಮಾತುಕತೆಯನ್ನೇ ನಾಟಕದ ಸಂಭಾಷಣೆಯ ಹಾಗೆ ಅಚ್ಚು ಮಾಡುವ ರೀಪ್ಲೇ ಎಂಬ ಪ್ರಕಾರವಿದೆ. 1986ರಲ್ಲಿ ಕಾಂಪ್‌ಟಿಕ್ ಪತ್ರಿಕೆಯಲ್ಲಿ ಹೀಗೆ ಬಂದ ಆಟವೊಂದು ಮುಂದೆ ರೆಕಾರ್ಡ್ ಆಫ್ ಲೋಡಾಸ್ ವಾರ್ ಎಂಬ ಕಾದಂಬರಿ ಮತ್ತು ಆನಿಮೆ ಆಗಿ ಬೆಳೆಯಿತು. ದಿ ಎಕ್ಸ್‌ಪ್ಯಾನ್ಸ್ ಕಾದಂಬರಿ ಸರಣಿಯ ಲೋಕವೂ ಅಷ್ಟೇ. ಅದರ ಇಬ್ಬರು ಲೇಖಕರಲ್ಲಿ ಒಬ್ಬರಾದ ಟೈ ಫ್ರ್ಯಾಂಕ್ ಆ ಲೋಕವನ್ನು ಆನ್‌ಲೈನ್ ಪ್ಲೇ ಬೈ ಪೋಸ್ಟ್ ಆಟವಾಗಿ ನಡೆಸಿದ್ದರು. ನಿಮ್ಮ ಬರಹ ಅಷ್ಟು ದೂರ ಹೋಗಬೇಕಾಗಿಲ್ಲ. ಅದು ಮೊದಲು ನಿಮ್ಮ ಟೇಬಲ್‌ನವರಿಗೆ ನಿಜ ಅನ್ನಿಸಲಿ.

ಕೊನೆಗೆ ಒಂದು ಪಾತ್ರಪಟ್ಟಿ ಸೇರಿಸಿ. ಗೇಮ್ ಮಾಸ್ಟರ್ ಆಡಿದ ಎಲ್ಲ ಸಣ್ಣ ಪಾತ್ರಗಳ ಹೆಸರು, ಮೊದಲು ಸಿಕ್ಕಿದ್ದು ಎಲ್ಲಿ, ಕೊನೆಗೆ ಏನಾದರು. ಪಟ್ಟಿಯ ಉದ್ದ ನೋಡಿಯೇ ಎಲ್ಲರೂ ಬೆಚ್ಚಿಬೀಳುತ್ತಾರೆ. ಒಬ್ಬ ಮನುಷ್ಯ ಇಷ್ಟು ದನಿಗಳಲ್ಲಿ ಮಾತಾಡಿದ್ದಾನೆ ಅಂತ ಆಗಲೇ ತಿಳಿಯುವುದು.

ಆರನೇ ಹೆಜ್ಜೆ: ಕಾಣದ ಕೆಲಸಕ್ಕೆ ಹೆಸರು ಕೊಡಿ

ಕ್ಯಾಂಪೇನ್ ನಿಲ್ಲುವುದು ಸಾಮಾನ್ಯವಾಗಿ ಕಥೆ ಕೆಟ್ಟದ್ದಾಗಿ ಅಲ್ಲ, ದಿನ ಹೊಂದದೆ. ಹಾಗಾಗಿ ಪ್ರತಿ ವಾರ "ಶನಿವಾರ ಆಗುತ್ತಾ?" ಅಂತ ಕೇಳಿ ದಿನ ಗೊತ್ತು ಮಾಡಿದವರೇ ಆ ಕಥೆಯನ್ನು ಬದುಕಿಸಿದವರು. ಟಿಪ್ಪಣಿ ಬರೆದುಕೊಂಡವರು, ನಿಯಮಪುಸ್ತಕದಲ್ಲಿ ಥಟ್ಟನೆ ಪುಟ ಹುಡುಕಿ ಕೊಟ್ಟವರು, ಹೊಸಬರಿಗೆ ಸಾಫ್ಟ್‌ವೇರ್ ಹೇಳಿಕೊಟ್ಟವರು, ಜಗಳವಾದಾಗ ಇಬ್ಬರಿಗೂ ಫೋನ್ ಮಾಡಿದವರು: ಇವರನ್ನು ಹೆಸರು ಹಿಡಿದು ನೆನೆಯಿರಿ.

"ಅತ್ಯುತ್ತಮ ಆಟಗಾರ" ಪ್ರಶಸ್ತಿ ಬೇಡವೇ ಬೇಡ. ಒಬ್ಬರಿಗೆ ಖುಷಿ, ನಾಲ್ವರಿಗೆ ಕಸಿವಿಸಿ. ಪ್ರತಿಯೊಬ್ಬರಿಗೂ ಅವರಿಗಷ್ಟೇ ಹೊಂದುವ ಒಂದು ಸಾಲು ಬರೆಯಿರಿ. ಇನ್ನೊಬ್ಬರ ಹೆಸರು ಹಾಕಿದರೆ ಆ ಸಾಲು ಸುಳ್ಳಾಗಬೇಕು. ಅಲ್ಲಿಯವರೆಗೆ ತಿದ್ದಿ.

ಗೇಮ್ ಮಾಸ್ಟರ್‌ಗೆ ಕೊಡಬಹುದಾದ ದೊಡ್ಡ ಉಡುಗೊರೆ ನನ್ನ ಪ್ರಕಾರ ಒಂದೇ: ಅವರದೇ ಲೋಕದಲ್ಲಿ ಅವರನ್ನು ಆಟಗಾರರಾಗಿ ಕೂರಿಸುವುದು. ಆಟಗಾರರಲ್ಲಿ ಒಬ್ಬರು ಒಂದೇ ಸೆಷನ್‌ನ ಸಾಹಸ ಸಿದ್ಧ ಮಾಡಿ ನಡೆಸಲಿ. ಗೇಮ್ ಮಾಸ್ಟರ್ ತಾವೇ ಹುಟ್ಟಿಸಿದ ಊರಿನ ಬೀದಿಯಲ್ಲಿ ಒಂದು ಪಾತ್ರವಾಗಿ ನಡೆಯಲಿ. ಇಷ್ಟು ವರ್ಷ ಆ ಲೋಕವನ್ನು ಹೊತ್ತವರು ಅದನ್ನು ಒಳಗಿನಿಂದ ನೋಡಿದ್ದೇ ಇಲ್ಲ. ಸಮಯವಿಲ್ಲದಿದ್ದರೆ ಪತ್ರ ಬರೆಯಬಹುದು. ಪ್ರತಿ ಆಟಗಾರ ತನಗಿಷ್ಟವಾದ ಸಣ್ಣ ಪಾತ್ರವೊಂದರ ಹೆಸರಿನಲ್ಲಿ ಗೇಮ್ ಮಾಸ್ಟರ್‌ಗೆ ಒಂದು ಪತ್ರ.

ಏಳನೇ ಹೆಜ್ಜೆ: ಸಂಭ್ರಮದ ಸೆಷನ್ ನಡೆಸಿ

ದಿನಾಂಕವನ್ನು ಆರು ವಾರ ಮೊದಲೇ ಗೊತ್ತು ಮಾಡಿ. ಬೇರೆ ಬೇರೆ ದೇಶಗಳವರಿದ್ದರೆ ಗಡಿಯಾರ ಬದಲಾಗುವ ವಾರಗಳನ್ನು ತಪ್ಪಿಸಿ. ಡಿಸ್ಕಾರ್ಡ್‌ನಲ್ಲಿ ಟೈಮ್‌ಸ್ಟ್ಯಾಂಪ್ ಹಾಕಿದರೆ ಓದುವ ಪ್ರತಿಯೊಬ್ಬರಿಗೂ ಅವರವರ ಸಮಯವೇ ಕಾಣಿಸುತ್ತದೆ. ಹಿಂದೆ ಆಡಿ ಹೋದವರನ್ನೂ ಕರೆಯಿರಿ. ಅವರಿಗೆ ಪೂರ್ತಿ ಹೊತ್ತು ಇರಬೇಕೆಂಬ ಒತ್ತಾಯ ಬೇಡ, ಅವರ ಪಾತ್ರ ಬಂದು ಹೋಗುವ ಒಂದು ದೃಶ್ಯ ಇಟ್ಟರೆ ಸಾಕು.

ಮೂರು ಗಂಟೆ ಸಾಕು. ಮೊದಲ ಅರ್ಧ ಗಂಟೆ ಸುಮ್ನೆ ಹರಟೆಗೆ ಬಿಡಿ, ಅದನ್ನು ಕಾರ್ಯಕ್ರಮ ಮಾಡಲು ಹೋಗಬೇಡಿ. ಆಮೇಲೆ ಐದಾರು ತಿರುವುಗಳನ್ನು ಓದಿ. ಒಬ್ಬರೇ ಎಲ್ಲವನ್ನೂ ಓದುವುದಕ್ಕಿಂತ, ಯಾರ ಪಾತ್ರದ ತಿರುವೋ ಅವರನ್ನು ಬಿಟ್ಟು ಬೇರೆಯವರು ಓದಿದರೆ ಚೆನ್ನ. ತನ್ನ ಕಥೆಯನ್ನು ಗೆಳೆಯರ ಬಾಯಲ್ಲಿ ಕೇಳುವುದೇ ಬೇರೆ. ರೆಕಾರ್ಡಿಂಗ್ ಇದ್ದರೆ ಒಂದೆರಡು ನಿಮಿಷದ ತುಣುಕು ಹಾಕಿ. ಮೊದಲ ಶೀಟ್ ಮತ್ತು ಕೊನೆಯ ಶೀಟನ್ನು ಪಕ್ಕಪಕ್ಕದಲ್ಲಿ ತೋರಿಸಿ.

ನಂತರ ಆಡಿ. ಸಂಭ್ರಮದಲ್ಲಿ ಆಟ ಇಲ್ಲದಿದ್ದರೆ ಅದು ಬರೀ ಸಭೆ. ಕ್ಯಾಂಪೇನ್ ಮುಗಿದಿದ್ದರೆ ಪ್ರತಿ ಆಟಗಾರನಿಗೆ ಒಂದು ದೃಶ್ಯ: ಹತ್ತು ವರ್ಷದ ನಂತರ ಆ ಪಾತ್ರ ಎಲ್ಲಿದೆ, ಬಾಗಿಲು ತಟ್ಟಿದವರು ಯಾರು? ದಾಳ ಬೇಡ. ಲೋಕದ ಮುಂದಿನ ಶತಮಾನಗಳನ್ನು ನೋಡುವ ಆಸೆಯಿದ್ದರೆ ಬೆನ್ ರಾಬಿನ್ಸ್ ಅವರ ಮೈಕ್ರೋಸ್ಕೋಪ್ ಎಂಬ ಆಟ ಬಳಸಬಹುದು. ಒಂದು ಲೋಕದ ಇತಿಹಾಸವನ್ನು ಎಲ್ಲರೂ ಸೇರಿ, ಕಾಲದಲ್ಲಿ ಹಿಂದೆ ಮುಂದೆ ಓಡಾಡುತ್ತಾ ಕಟ್ಟುವ ಆಟವದು. ನಿಮ್ಮ ಪಾತ್ರಗಳು ಇನ್ನೂರು ವರ್ಷದ ನಂತರ ದಂತಕಥೆಯಾಗಿ, ಜನ ಅವರ ಹೆಸರನ್ನೇ ತಪ್ಪಾಗಿ ಹೇಳುವುದನ್ನು ಆಡಿ ನೋಡುವುದು ಬಹಳ ಸೊಗಸು.

ಪ್ಲೇ ಬೈ ಪೋಸ್ಟ್ ಗುಂಪಿಗೆ ನೇರ ಸಂಭಾಷಣೆಯನ್ನು ಹೇರಬೇಡಿ. ಅವರು ಬರವಣಿಗೆಯಲ್ಲಿ ಒಂದಾದವರು. ಒಂದು ವಾರ ಇಟ್ಟು ದಿನಕ್ಕೊಂದು ವಿಷಯ ಕೊಡಿ, ಬಿಡುವಾದಾಗ ಬರೆಯಲಿ.

ಬಿಟ್ಟುಹೋದವರ ವಿಷಯ

ಕಹಿಯಾಗಿ ಹೋದವರನ್ನು ಕಥೆಯಿಂದ ಅಳಿಸಬೇಡಿ. ಅವರ ಪಾತ್ರ ಮಾಡಿದ್ದನ್ನು ಇದ್ದ ಹಾಗೆ ಬರೆಯಿರಿ, ಹೋದ ಕಾರಣವನ್ನು ಬರೆಯಬೇಡಿ. ಯಾರಿಗಾದರೂ ತೊಂದರೆ ಕೊಟ್ಟು ಹೋದವರಾಗಿದ್ದರೆ ತೊಂದರೆಗೊಳಗಾದವರ ಮಾತೇ ಕೊನೆ. ಅವರು ಬೇಡ ಅಂದರೆ ಆ ಹೆಸರು ಬರುವುದು ಬೇಡ.

ಟೇಬಲ್‌ನವರೊಬ್ಬರು ತೀರಿಕೊಂಡಿದ್ದರೆ ಅವರ ಪಾತ್ರಕ್ಕೆ ಬೇರೆಯವರು ದನಿ ಕೊಡದಿರುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಆ ಪಾತ್ರ ಲೋಕದಲ್ಲಿ ಎಲ್ಲೋ ಇದೆ, ಅದರ ಹೆಸರಿನ ಒಂದು ಊರೋ ದೀಪಸ್ತಂಭವೋ ಇದೆ ಅಂದರೆ ಸಾಕು. ಮನೆಯವರು ಸಂಪರ್ಕದಲ್ಲಿದ್ದರೆ ಅವರನ್ನು ಕೇಳಿ, ತೀರಿಕೊಂಡವರ ಆಟದ ತುಣುಕುಗಳ ಒಂದು ಪ್ರತಿ ಕೊಡಿ. ಮಗನೋ ಮಗಳೋ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಯಾರ ಜೊತೆ ನಗುತ್ತಿದ್ದರು ಅಂತ ಮನೆಯವರಿಗೆ ಗೊತ್ತಿರುವುದಿಲ್ಲ. ತಿಳಿದರೆ ಅವರಿಗೆ ಸಮಾಧಾನ ಸಿಗಬಹುದು.

ಎಂಟನೇ ಹೆಜ್ಜೆ: ಹಲವು ಟೇಬಲ್‌ಗಳಿರುವ ಗುಂಪಾದರೆ

ಕ್ಯಾಂಪೇನ್‌ಗಳನ್ನು ಆರಿಸಿ ಗೌರವಿಸುವ ಪದ್ಧತಿ ಹೊಸದಲ್ಲ. ಕ್ಯಾಂಪೇನ್ ವಿಕಿಗಳಿಗೆ ಹೆಸರಾದ ಒಬ್ಸಿಡಿಯನ್ ಪೋರ್ಟಲ್ ತಿಂಗಳಿಗೊಂದು ಕ್ಯಾಂಪೇನ್ ಆರಿಸಿ ಎತ್ತಿ ತೋರಿಸುವುದನ್ನು ರೂಢಿಸಿಕೊಂಡಿತ್ತು. ನಿಮ್ಮ ಗುಂಪಿನಲ್ಲೂ ಮಾಡಬಹುದು. ಬರೀ ಸಾರ್ವಜನಿಕ ಮತದಾನಕ್ಕೆ ಬಿಟ್ಟರೆ ಮಾತ್ರ ಜಾಸ್ತಿ ಗೆಳೆಯರಿರುವ ಟೇಬಲ್ ಗೆಲ್ಲುತ್ತದೆ, ಒಳ್ಳೆಯ ಟೇಬಲ್ ಅಲ್ಲ.

ನಾಮನಿರ್ದೇಶನವನ್ನು ಆ ಟೇಬಲ್‌ನ ಆಟಗಾರರೇ ಮಾಡಲಿ, ಗೇಮ್ ಮಾಸ್ಟರ್ ತಾವೇ ಅರ್ಜಿ ಹಾಕಿಕೊಳ್ಳುವುದು ಬೇಡ. ಒಂದು ಪುಟದ ಪರಿಚಯ, ಬೇರೆ ಬೇರೆ ಕಾಲದ ಮೂರು ತುಣುಕು, ಮಧ್ಯದಲ್ಲಿ ಸೇರಿದ ಒಬ್ಬ ಆಟಗಾರರ ಪತ್ರ ಕೇಳಿ. ಆ ಪತ್ರವೇ ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಮೂವರಾದರೂ ಓದುವವರಿರಲಿ. ತಾವು ಆಡಿದ ಟೇಬಲ್ ಬಂದಾಗ ಅವರು ಪಕ್ಕಕ್ಕೆ ಸರಿಯಲಿ. ದನಿಯ ಆಟ ಮತ್ತು ಬರಹದ ಆಟವನ್ನು ಬೇರೆ ಬೇರೆಯಾಗಿ ನೋಡಿ. ಒಂದೇ ಗೆಲುವು ಅಂತ ಇಡಬೇಡಿ. ಒಂದು ವರ್ಷ ನಾಲ್ಕು ಅರ್ಹ ಕ್ಯಾಂಪೇನ್‌ಗಳಿದ್ದರೆ ನಾಲ್ಕಕ್ಕೂ ಕೊಡಿ, ಒಂದೂ ಇಲ್ಲದಿದ್ದರೆ ಬಿಡಿ.

ಹಣದ ಬಹುಮಾನಕ್ಕಿಂತ ಗೌರವದ ಬರಹಕ್ಕೆ ಸಮಯ ಕೊಡಿ. ಓದಿದವರು ಕಂಡದ್ದನ್ನು ಅರ್ಧ ಪುಟದಲ್ಲಿ ಬರೆಯಬೇಕು: ಯಾವ ದೃಶ್ಯ, ಯಾರ ನಿರ್ಧಾರ, ಏನು ಹಿಡಿಸಿತು. ಆಚೆಯವರೊಬ್ಬರು ಕೂತು ತಮ್ಮ ಆಟವನ್ನು ಓದಿದ್ದಾರೆ ಅನ್ನುವುದೇ ಆ ಟೇಬಲ್‌ಗೆ ದೊಡ್ಡ ಬಹುಮಾನ.

ಕೊನೆಯ ಹೆಜ್ಜೆ: ಕೈಗೆ ಸಿಗುವ ಹಾಗೆ ಇಡಿ

ಬರೆದಿಟ್ಟ ಕಥೆಯನ್ನು ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸಿ. ಬೇಕಾದಷ್ಟೇ ಪ್ರತಿ ಅಚ್ಚು ಹಾಕಿಕೊಡುವವರಿಂದ ತಲಾ ಒಂದು ಪುಸ್ತಕ ಮಾಡಿಸಬಹುದು. ಖರ್ಚು ಹಂಚಿಕೊಳ್ಳುವ ಮೊದಲು ಯಾರಿಗೆ ಕಷ್ಟವೋ ಅವರನ್ನು ಗುಟ್ಟಾಗಿ ಬಿಟ್ಟುಬಿಡಿ. ಪುಸ್ತಕ ಬೇಡವೆಂದರೆ ಲೋಕದ ನಕ್ಷೆಯ ಮೇಲೆ ತಂಡ ನಡೆದ ದಾರಿಯನ್ನು ಕೆಂಪು ಗೆರೆಯಲ್ಲಿ ಎಳೆದ ಒಂದು ಭಿತ್ತಿಚಿತ್ರ ಸಾಕು.

ಮೂಲ ದಾಖಲೆಗಳ ಹೊಣೆ ಇಬ್ಬರಿಗೆ ವಹಿಸಿ, ಒಬ್ಬರಿಗೇ ಬೇಡ. ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿರಲಿ. ವರ್ಷಕ್ಕೊಮ್ಮೆ, ಕ್ಯಾಂಪೇನ್ ಶುರುವಾದ ದಿನಾಂಕದಂದು, ಇಬ್ಬರೂ ಎಲ್ಲ ಕಡತ ತೆರೆದುಕೊಳ್ಳುತ್ತವೆಯೇ ಅಂತ ನೋಡಿ, ಒಂದು ತುಣುಕು ಆರಿಸಿ ಗುಂಪಿಗೆ ಕಳಿಸಲಿ. ಹೊಸ ಆಟದ ದಿನ ಗೊತ್ತು ಮಾಡುವ ಮಾತು ಸಾಮಾನ್ಯವಾಗಿ ಆ ತುಣುಕಿನ ಕೆಳಗೇ ಶುರುವಾಗುತ್ತದೆ.